ನೋವಿಗೆ ಸಾಕ್ಷಿ ಕೇಳುವವರು

2023ರ ಮೇ 1ರ ರಾತ್ರಿ ಲಕ್ನೋದ ಐಪಿಎಲ್ ಪಂದ್ಯದಲ್ಲಿ ಕೆ.ಎಲ್. ರಾಹುಲ್ ಚೆಂಡಿನ ಹಿಂದೆ ಓಡುತ್ತಿದ್ದವರು ತೊಡೆ ಹಿಡಿದುಕೊಂಡು ನೆಲಕ್ಕೆ ಬಿದ್ದರು. ಎದುರಿಗಿದ್ದದ್ದು ಬೆಂಗಳೂರಿನ ತಂಡ, ಲಕ್ನೋ ತಂಡದ ನಾಯಕ ಸ್ವತಃ ರಾಹುಲ್. ಗೆಲ್ಲಲು ಬೇಕಿದ್ದ ರನ್ 127. ಒಂಬತ್ತು ವಿಕೆಟ್ ಉರುಳಿದ ಮೇಲೆ ಅದೇ ಕಾಲಿನಲ್ಲಿ ಕುಂಟುತ್ತಾ ಹನ್ನೊಂದನೆಯವರಾಗಿ ಬ್ಯಾಟ್ ಹಿಡಿದು ಬಂದರು. ಮೂರು ಎಸೆತ ಆಡಿದರು, ಓಡಲಾಗಲಿಲ್ಲ, ಒಂದೂ ರನ್ ಬರಲಿಲ್ಲ. ತಂಡ 18 ರನ್‌ಗಳಿಂದ ಸೋತಿತು. ಆಮೇಲೆ ತೊಡೆಗೆ ಶಸ್ತ್ರಚಿಕಿತ್ಸೆಯಾಯಿತು, ಜೂನ್‌ನಲ್ಲಿದ್ದ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ಕೈತಪ್ಪಿತು.

ಇಷ್ಟಾದರೂ ಅವರ ಮೇಲಿನ ಅನುಮಾನ ಒಂದು ವರ್ಷವೂ ಸುಮ್ಮನಿರಲಿಲ್ಲ. 2024ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಹೈದರಾಬಾದ್ ಟೆಸ್ಟ್‌ನಲ್ಲಿ 86 ರನ್ ಹೊಡೆದ ರಾಹುಲ್ ತೊಡೆ ನೋವೆಂದು ಸರಣಿಯ ಉಳಿದ ನಾಲ್ಕೂ ಟೆಸ್ಟ್‌ಗಳಿಂದ ಹೊರಗುಳಿದರು. ಮುಂದೆ ಐಪಿಎಲ್ ಇತ್ತು. ಬೆಂಗಳೂರಿನ ಉತ್ತರಹಳ್ಳಿ ಮುಖ್ಯರಸ್ತೆಯ ದರ್ಶಿನಿಗಳಲ್ಲಿ, ನಿಂತು ಕಾಫಿ ಕುಡಿಯುವ ಮೇಜುಗಳ ಸುತ್ತ, ಇದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೆ ಬೇಕು? "ಐಪಿಎಲ್ ಅಂದ್ರೆ ಫಿಟ್ಟು, ಟೆಸ್ಟ್ ಅಂದ್ರೆ ತೊಡೆ ನೋವು ಮಗಾ." "ಕಮಿಟ್‌ಮೆಂಟ್ ಇಲ್ಲ ಗುರು ಇವನಿಗೆ." ಇಂಥ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: "ಕುಂಬ್ಳೆನ ನೋಡು. ದವಡೆ ಮುರ್ಕೊಂಡು ಬೌಲಿಂಗ್ ಮಾಡಿದ್ದ."

ಮಾಡಿದ್ದರು, ನಿಜ. 2002ರ ಮೇ ತಿಂಗಳು, ಆಂಟಿಗಾ ಟೆಸ್ಟ್. ಬ್ಯಾಟ್ ಮಾಡುವಾಗ ವೆಸ್ಟ್ ಇಂಡೀಸ್‌ನ ಮರ್ವಿನ್ ಡಿಲ್ಲನ್ ಎಸೆದ ಚೆಂಡು ಅನಿಲ್ ಕುಂಬ್ಳೆ ಅವರ ದವಡೆಗೆ ಬಡಿದು ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಡಬೇಕಿದ್ದ ಮನುಷ್ಯ ಗಲ್ಲದಿಂದ ನೆತ್ತಿಯವರೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಮೈದಾನಕ್ಕಿಳಿದು 14 ಓವರ್ ಎಸೆದರು, ಬ್ರಿಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಬಲೆಗೆ ಕೆಡವಿದರು. ಪಂದ್ಯ ಡ್ರಾ ಆಯಿತು. ಪಿಚ್ ಎಂಥ ಸಪ್ಪೆಯದೆಂದರೆ ಭಾರತದ ಹನ್ನೊಂದೂ ಮಂದಿ, ವಿಕೆಟ್ ಕೀಪರ್ ಅಜಯ್ ರಾತ್ರಾ ಕೂಡ, ಬೌಲಿಂಗ್ ಮಾಡಿದ್ದರು. ಆ ಟೆಸ್ಟ್‌ನಲ್ಲಿ ಶತಕ ಬಾರಿಸಿದವರು ಐವರಿದ್ದರು. ಅವರ ಹೆಸರು ಈಗ ಹೇಳಬಲ್ಲವರು ಕಡಿಮೆ. ಪಟ್ಟಿ ಕಟ್ಟಿದ ಮುಖ ಮಾತ್ರ ಯಾರಿಗೂ ಮರೆತಿಲ್ಲ.

ಕಾಸರಗೋಡಿನ ಕುಂಬಳೆಯ ಮೂಲದ, ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಕುಂಬ್ಳೆ ದಕ್ಷಿಣ ಬೆಂಗಳೂರಿನ ಪಾಲಿಗೆ ಮನೆಮಗ. ಮನೆಯಲ್ಲೇ ಇರುವ ಅಳತೆಗೋಲಿನಿಂದ ಊರವರು ಉಳಿದವರನ್ನು ಅಳೆಯುವುದು ಸಹಜ. ಆದರೆ ಅದರಿಂದ ಅಳೆಯುತ್ತಿರುವುದು ಏನನ್ನು? ಬ್ಯಾಟಿಂಗನ್ನಲ್ಲ, ಫಲಿತಾಂಶವನ್ನೂ ಅಲ್ಲ. ಒಬ್ಬನ ಮೈಯೊಳಗಿನ ನೋವು ಎಷ್ಟು, ಅದನ್ನು ತಾಳುವ ಮನಸ್ಸು ಅವನಿಗೆ ಇದೆಯೋ ಇಲ್ಲವೋ ಎನ್ನುವುದನ್ನು. ಇಲ್ಲಿಗೆ ಕ್ರಿಕೆಟ್ ಮುಗಿದು ಧರ್ಮಜಿಜ್ಞಾಸೆ ಶುರುವಾಗುತ್ತದೆ. ಮನುಷ್ಯ ತನ್ನ ದೇಹವನ್ನು ಯಾರಿಗೆ, ಎಷ್ಟರ ಮಟ್ಟಿಗೆ ಬಾಕಿ ಇಟ್ಟುಕೊಂಡಿರುತ್ತಾನೆ? ಆ ಬಾಕಿ ತೀರಿತೋ ಇಲ್ಲವೋ ಎಂದು ತೀರ್ಪು ಕೊಡುವವರು ಯಾರು?

ಮೊದಲು ನೋವಿನ ವಿಷಯ. ಅಮೆರಿಕದ ಚಿಂತಕಿ ಎಲೇನ್ ಸ್ಕ್ಯಾರಿ 1985ರಲ್ಲಿ ಬರೆದ ಪುಸ್ತಕವೊಂದರ ಮುಖ್ಯ ವಾದ ಇದು: ನೋವು ಉಣ್ಣುವವನಿಗೆ ಅದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ, ಪಕ್ಕದಲ್ಲಿ ಕೂತು ಕೇಳುವವನಿಗೆ ಅದಕ್ಕಿಂತ ಸುಲಭವಾಗಿ ಅನುಮಾನಿಸಬಹುದಾದದ್ದು ಇನ್ನೊಂದಿಲ್ಲ. ರಾಹುಲ್ ವಿಚಾರದಲ್ಲಿ ಈ ಕಂದರಕ್ಕೆ ಬಿಸಿಸಿಐ ಒಂದು ಸೇತುವೆ ಕಟ್ಟಲು ನೋಡಿತು. ಅದೇ ಇಂಗ್ಲೆಂಡ್ ಸರಣಿಯ ರಾಜ್‌ಕೋಟ್ ಟೆಸ್ಟ್‌ಗೆ ಮುಂಚೆ ಹೊರಡಿಸಿದ ಪ್ರಕಟಣೆಯಲ್ಲಿ ರಾಹುಲ್ ಶೇ. 90ರಷ್ಟು ಫಿಟ್ ಆಗಿದ್ದಾರೆ ಎಂದು ಹೇಳಿತು. ಶೇ. 90 ಫಿಟ್ ಎಂದರೆ ಏನು? ತೊಡೆಯ ಸ್ನಾಯು ತೊಂಬತ್ತು ಭಾಗ ಕೂಡಿಕೊಂಡಿದೆಯೆಂದೋ, ಹತ್ತು ಓಟದಲ್ಲಿ ಒಂದು ನೋಯುತ್ತದೆಯೆಂದೋ? ಅಂಕಿ ಕಾಣಿಸಿಕೊಂಡ ಕೂಡಲೇ ಉಳಿದ ಹತ್ತನ್ನು ಮನೋಬಲದಿಂದ ತುಂಬಿಸಿಕೊಳ್ಳಬೇಕಿತ್ತು ಎಂಬ ವಾದವೂ ಹುಟ್ಟಿತು. ಕೊನೆಗೆ ರಾಹುಲ್ ತಜ್ಞರನ್ನು ಕಾಣಲು ಲಂಡನ್ನಿಗೆ ಹೋದರು.

ಸಮುದ್ರದಾಚೆಯ ಕತೆಯೂ ಬೇರೆಯಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇಡೀ ತಂಡದ ಆಟ ಹೂಡುವವನು ಕ್ವಾರ್ಟರ್‌ಬ್ಯಾಕ್. 2011ರ ಜನವರಿಯಲ್ಲಿ ಚಿಕಾಗೊ ಬೇರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜೇ ಕಟ್ಲರ್ ಮಹತ್ವದ ಪಂದ್ಯವೊಂದರ ನಡುವೆ ಮೊಣಕಾಲು ನೋವೆಂದು ಹೊರಗೆ ಕೂತರು. ತಂಡ ಸೋತಿತು. ಅಭಿಮಾನಿಗಳು ಅವರ ಹೆಸರಿನ ಜೆರ್ಸಿಗಳನ್ನು ಸುಟ್ಟರು, ಬೇರೆ ತಂಡಗಳ ಆಟಗಾರರೇ ಹೇಡಿಯೆಂಬಂತೆ ಮಾತಾಡಿದರು. ಮರುದಿನ ಸ್ಕ್ಯಾನ್‌ನಲ್ಲಿ ಮೊಣಕಾಲಿನ ಅಸ್ಥಿರಜ್ಜುವಿಗೆ ಪೆಟ್ಟಾಗಿರುವುದು ಕಾಣಿಸಿತು. ಸ್ಕ್ಯಾನ್‌ನಲ್ಲಿ ಏನೂ ಕಾಣದೇ ಹೋಗಿದ್ದರೆ?

ಅಭಿಮಾನಿಯ ಪಕ್ಷವನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಕೋಟಿ ಕೋಟಿ ತೆಗೆದುಕೊಂಡವನು ಮೈಬಗ್ಗಿಸಲಿ ಎನ್ನುವುದು ಈ ನೆಲದ ಹಳೆಯ ನ್ಯಾಯ. ಉತ್ತರಹಳ್ಳಿಯಿಂದ ಪೂರ್ವಕ್ಕೆ ಹೋಗಿ ಬನ್ನೇರುಘಟ್ಟ ರಸ್ತೆ ದಾಟಿದರೆ ಬೇಗೂರು ಸಿಗುತ್ತದೆ. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದಿದೆ. ಬೆಂಗಳೂರು ಎಂಬ ಹೆಸರು ನಮಗೆ ಸಿಗುವ ಅತಿ ಹಳೆಯ ದಾಖಲೆ ಅದು. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣಶೆಟ್ಟಿ ಮಡಿದನೆಂದು ಅದು ಹೇಳುತ್ತದೆ. ಅಂದರೆ ಈ ಊರಿನ ಹೆಸರು ಮೊದಲು ಕಾಣಿಸಿಕೊಂಡದ್ದೇ ಒಡೆಯನಿಗಾಗಿ ಸತ್ತವನ ನೆನಪಿನ ಕಲ್ಲಿನಲ್ಲಿ. ಉಂಡ ಅನ್ನದ ಋಣಕ್ಕೆ ಕಾದಾಡುವುದನ್ನು ಜೋಳವಾಳಿ ಎಂದರು, ಒಡೆಯನ ಜೊತೆಗೇ ಪ್ರಾಣ ಬಿಡುವ ವ್ರತವನ್ನು ವೇಳೆವಾಳಿ ಎಂದರು. ಹೊಯ್ಸಳ ಬಲ್ಲಾಳನಿಗಾಗಿ ಕುವರ ಲಕ್ಷ್ಮನೂ ಅವನ ಕಡೆಯವರೂ ಪ್ರಾಣ ಕೊಟ್ಟ ವೃತ್ತಾಂತ ಹಳೇಬೀಡಿನ ಕಂಬದ ಮೇಲಿದೆ. ದರ್ಶಿನಿಯಲ್ಲಿ "ದುಡ್ಡು ತಗೊಂಡಿಲ್ವಾ, ಆಡ್ಲಿ" ಎನ್ನುವವನ ಬೆನ್ನಿಗೆ ಹೀಗೆ ಸಾವಿರ ವರ್ಷದ ಕಲ್ಲುಗಳಿವೆ.

ಆದರೆ ಅದೇ ಕಲ್ಲುಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ವೀರ ಬಿದ್ದರೆ ಅವನ ಮನೆಯವರಿಗೆ ಒಡೆಯ ಭೂಮಿ ಕೊಡಬೇಕಿತ್ತು; ಅದಕ್ಕೆ ನೆತ್ತರುಗೊಡಗೆ ಎಂದೇ ಹೆಸರು. ಋಣ ಎರಡೂ ಕಡೆಗಿತ್ತು. ಐಪಿಎಲ್‌ನಲ್ಲಿ ಒಡೆಯನನ್ನು ಹರಾಜು ನಿರ್ಧರಿಸುತ್ತದೆ. ಬೆಂಗಳೂರು, ಹೈದರಾಬಾದ್, ಪಂಜಾಬ್, ಲಕ್ನೋ, ದೆಹಲಿ ಎಂದು ರಾಹುಲ್ ಕಂಡ ಒಡೆಯರು ಐವರು. 2024ರ ಮೇ 8ರಂದು, ಲಕ್ನೋ ಕೊಟ್ಟ 166 ರನ್ ಗುರಿಯನ್ನು ಹೈದರಾಬಾದ್ ತಂಡ ಹತ್ತು ಓವರ್‌ ಒಳಗೇ ಮುಟ್ಟಿದಾಗ, ಲಕ್ನೋ ತಂಡದ ಮಾಲೀಕರು ಕ್ಯಾಮೆರಾಗಳೆದುರೇ ನಾಯಕನ ಮೇಲೆ ಹರಿಹಾಯ್ದದ್ದನ್ನು ದೇಶವೆಲ್ಲ ನೋಡಿತು. ಮುಂದಿನ ವರ್ಷ ಆ ನಂಟು ಇರಲಿಲ್ಲ. ಇನ್ನು ಅಭಿಮಾನಿಯಂತೂ ಯಾವ ಕೊಡಗೆಯನ್ನೂ ಕೊಡಬೇಕಾಗಿಲ್ಲ. ನೋವಿನಲ್ಲಿ ಆಡಿ ಸೊನ್ನೆಗೆ ಔಟಾದವನಿಗೆ "ಗಾಯ ಇದ್ರೆ ಯಾಕೆ ಆಡ್ತಾನೆ, ಸ್ವಾರ್ಥಿ" ಎನ್ನುವವನೂ ಅವನೇ. ಒಂದೇ ಕಡೆಗೆ ಹರಿಯುವ ಋಣಕ್ಕೆ ಜೋಳವಾಳಿಯ ಗೌರವ ಸಲ್ಲದು.

ಹೀಯಾಳಿಸಿದರೆ ರೋಷ ಉಕ್ಕಿ ಆಡುತ್ತಾನೆ ಎನ್ನುವ ವಾದವೊಂದು ಉಳಿಯುತ್ತದೆ. ಇದಕ್ಕೆ ಭಗವದ್ಗೀತೆಗಿಂತ ದೊಡ್ಡ ಪರೀಕ್ಷೆ ಬೇಕಿಲ್ಲ. ಎರಡನೇ ಅಧ್ಯಾಯದ ಆರಂಭದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವುದು ಹೆಚ್ಚುಕಡಿಮೆ ಗ್ಯಾಲರಿಯ ಮಾತೇ: ಈ ಷಂಡತನ ನಿನಗೆ ಒಪ್ಪುವುದಿಲ್ಲ, ಎದೆಯ ಪುಕ್ಕಲುತನ ಬಿಟ್ಟು ಏಳು. ಗೀತೆಯ ವ್ಯಾಖ್ಯಾನ ಕೇಳುವವರು ಇದನ್ನು ಬಲ್ಲರು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಮುಂದಿನದು. ಆ ಚುಚ್ಚುಮಾತು ನಾಟಲಿಲ್ಲ. ಆರೇ ಶ್ಲೋಕಗಳಾಚೆ ಅರ್ಜುನ ತಾನು ಯುದ್ಧ ಮಾಡುವುದಿಲ್ಲವೆಂದು ಹೇಳಿ ಸುಮ್ಮನಾಗುತ್ತಾನೆ. ಬೈಗುಳದಲ್ಲೇ ಕೆಲಸ ಆಗಿದ್ದರೆ ಏಳುನೂರು ಶ್ಲೋಕ ಯಾರಿಗೂ ಬೇಕಾಗುತ್ತಿರಲಿಲ್ಲ. ಲೋಕ ಆಡಿಕೊಳ್ಳುತ್ತದೆ ಎಂಬ ಅಸ್ತ್ರವನ್ನೂ ಕೃಷ್ಣ ಒಮ್ಮೆ ಹೂಡುತ್ತಾನೆ, ಒಪ್ಪಬೇಕು. ಆದರೆ ಹದಿನೆಂಟನೇ ಅಧ್ಯಾಯದ ಕೊನೆಗೆ ಬಂದು ನಿಲ್ಲುವುದು, ಎಲ್ಲವನ್ನೂ ವಿಚಾರಮಾಡಿ ನಿನಗೆ ಸರಿಕಂಡಂತೆ ಮಾಡು ಎನ್ನುವಲ್ಲಿ. ದೇವರೇ ನಿರ್ಧಾರವನ್ನು ಆಟಗಾರನ ಕೈಗೆ ಬಿಟ್ಟ ಮೇಲೆ ಗ್ಯಾಲರಿ ಹಿಂಜರಿಯುವುದೇಕೋ.

ಚುಚ್ಚಿ ಚುಚ್ಚಿಯೇ ಕೆಲಸ ಸಾಧಿಸಿದವನೂ ಮಹಾಭಾರತದಲ್ಲಿದ್ದಾನೆ: ಶಲ್ಯ. ಕರ್ಣನ ಸಾರಥಿಯಾಗಿ ಕೂತು ದಾರಿಯುದ್ದಕ್ಕೂ ಅವನ ಪೌರುಷವನ್ನು ಹಂಗಿಸಿದ. ಅದನ್ನು ಮಾಡಿದ್ದು ಕರ್ಣನನ್ನು ಹುರಿದುಂಬಿಸಲಿಕ್ಕಲ್ಲ, ಅವನ ತೇಜಸ್ಸು ಕುಂದಿಸುತ್ತೇನೆಂದು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟಿದ್ದ.

ಹೇಡಿತನಕ್ಕೆ ಕನ್ನಡದಲ್ಲಿ ಗಾದೆಯೇ ಇದೆ: ಉತ್ತರಕುಮಾರನ ಪೌರುಷ ಒಲೆಯ ಮುಂದೆ. ಅದು ಟಿ.ವಿ. ಮುಂದಿನ ವೀರರಿಗೂ ಒಪ್ಪುತ್ತದೆ. ಹೆಂಗಸರ ನಡುವೆ ಬಡಾಯಿ ಕೊಚ್ಚಿ, ಕೌರವಸೇನೆ ಕಂಡದ್ದೇ ರಥದಿಂದ ಹಾರಿ ಓಡಿದವನು ವಿರಾಟನ ಮಗ ಉತ್ತರ. ಅಟ್ಟಿಸಿಕೊಂಡು ಹೋಗಿ ಹಿಡಿದ ಅರ್ಜುನ ಅವನಿಗೆ ಧೈರ್ಯ ಹೇಳಿದ, ನೀನು ರಥ ಹೊಡೆ, ನಾನು ಕಾದುತ್ತೇನೆ ಎಂದ. ಉತ್ತರ ಅದೇ ಸೇನೆಯ ನಡುವೆ ರಥ ನಡೆಸಿದ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಮೇಲೆ ಏರಿಹೋಗಿ ಅವನ ಶಕ್ತ್ಯಾಯುಧಕ್ಕೆ ಎದೆಯೊಡ್ಡಿ ಸತ್ತ. ಇಡೀ ನಾಡು ಪುಕ್ಕಲನೆಂದು ನೆನೆಯುವ ಹುಡುಗ ರಣದಲ್ಲಿ ಮಡಿದವನು. ಗಾದೆಗೆ ಮಾತ್ರ ಅವನು ಓಡಿಹೋದ ಆ ಒಂದು ದಿನವಷ್ಟೇ ಸಾಕಾಯಿತು.

ಕುಂಬ್ಳೆ ವಿಷಯದಲ್ಲೂ ಹೀಗೆಯೇ ಒಂದು ದಿನ ಉಳಿದೆಲ್ಲವನ್ನೂ ಮುಚ್ಚಿಹಾಕಿದೆ. ಆಂಟಿಗಾಕ್ಕೆ ಒಂದು ವರ್ಷ ಮುಂಚೆ, 2001ರ ಆರಂಭದಲ್ಲಿ, ಆಸ್ಟ್ರೇಲಿಯಾ ವಿರುದ್ಧ ನಡೆದ ಚರಿತ್ರಾರ್ಹ ಸರಣಿಯಲ್ಲಿ ಕುಂಬ್ಳೆ ಇರಲಿಲ್ಲ. ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಆ ಸರಣಿಯಲ್ಲಿ ಹರ್ಭಜನ್ ಸಿಂಗ್ 32 ವಿಕೆಟ್ ಕಿತ್ತರು, ಕುಂಬ್ಳೆ ಕಾಲ ಮುಗಿಯಿತೆಂದವರೂ ಇದ್ದರು. ಭುಜದ ಮಾತು ಕೇಳಿ ಹೊರಗುಳಿದದ್ದರಿಂದಲೇ ಆ ಭುಜ 2008ರವರೆಗೆ ಬಾಳಿತು, 619 ಟೆಸ್ಟ್ ವಿಕೆಟ್ ಕೊಟ್ಟಿತು. ದವಡೆಯ ಕತೆ ಹೇಳುವ ಬಾಯಲ್ಲಿ ಭುಜದ ಕತೆ ಬರುವುದೇ ಇಲ್ಲ. ಇನ್ನೂ ಒಂದು ಮಾತು. ಆಂಟಿಗಾದಲ್ಲಿ ಅವರನ್ನು ಯಾರೂ ಹಂಗಿಸಿ ಕಣಕ್ಕಿಳಿಸಿರಲಿಲ್ಲ. ವಿಮಾನ ಹತ್ತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆ 14 ಓವರ್‌ಗಳಿಗೆ ಬೆಲೆ ಬಂದದ್ದೇ ಅದರಿಂದ. ಅವರು ತಾವಾಗಿ ಕೊಟ್ಟದ್ದನ್ನು ಮುಂದಿನವರ ಮೇಲೆ ಸಾಲವೆಂದು ಬರೆದಿಟ್ಟರೆ ಕುಂಬ್ಳೆಗೂ ಅನ್ಯಾಯ, ರಾಹುಲ್‌ಗೂ ಅನ್ಯಾಯ.

ಹಾಗಂತ ಆಟಗಾರನನ್ನು ಯಾರೂ ಪ್ರಶ್ನಿಸಬಾರದೆಂದಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನವರೇ ಆದ ಮಾಜಿ ವೇಗಿ ವೆಂಕಟೇಶ್ ಪ್ರಸಾದ್ ರಾಹುಲ್ ಆಯ್ಕೆಯನ್ನು ಕಟುವಾಗಿ ಟೀಕಿಸಿದರು. 46 ಟೆಸ್ಟ್ ಆಡಿಯೂ ಸರಾಸರಿ 34 ಎಂಬ ಲೆಕ್ಕ ಮುಂದಿಟ್ಟರು. ಸ್ವಲ್ಪದರಲ್ಲೇ ರಾಹುಲ್ ಹೆಸರಿನ ಮುಂದಿದ್ದ ಉಪನಾಯಕ ಪಟ್ಟ ಹೋಯಿತು, ಹನ್ನೊಂದರ ಬಳಗದಲ್ಲಿದ್ದ ಜಾಗವೂ ಹೋಯಿತು. ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ 107 ಎಸೆತಕ್ಕೆ ಹೊಡೆದ 66 ರನ್ ಬಗ್ಗೆಯೂ ಬೆಳತನಕ ಜಗಳವಾಡಬಹುದು. ಅವೆಲ್ಲ ಕಣ್ಣಿಗೆ ಕಾಣುವ ಸಂಗತಿ, ಟಿಕೆಟ್ ಕೊಂಡವನಿಗೆ ಆ ಹಕ್ಕಿದೆ. ತೊಡೆಯೊಳಗಿನ ನೋವಿನ ಮೇಲೆ ಆ ಟಿಕೆಟ್ ನಡೆಯುವುದಿಲ್ಲ.

2025ರ ಇಂಗ್ಲೆಂಡ್ ಪ್ರವಾಸದಲ್ಲಿ ರಾಹುಲ್ ಐದೂ ಟೆಸ್ಟ್ ಆಡಿ 532 ರನ್ ಗಳಿಸಿದರು. ಅದೇ ಸರಣಿಯ ಮ್ಯಾಂಚೆಸ್ಟರ್ ಟೆಸ್ಟ್‌ನಲ್ಲಿ ರಿಷಭ್ ಪಂತ್ ಮುರಿದ ಪಾದದಲ್ಲಿ ಕುಂಟುತ್ತಾ ಬಂದು ಅರ್ಧಶತಕ ಮುಟ್ಟಿದರು, ಓವಲ್‌ನಲ್ಲಿ ಇಂಗ್ಲೆಂಡಿನ ಕ್ರಿಸ್ ವೋಕ್ಸ್ ಭುಜ ಜಾರಿದ ಕೈಯನ್ನು ಜೋಳಿಗೆಯಂತೆ ಕಟ್ಟಿಕೊಂಡು ಕೊನೆಯವರಾಗಿ ಕ್ರೀಸಿಗೆ ಬಂದರು. ಎರಡೂ ಕಡೆ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು, ತಟ್ಟಬೇಕಾದದ್ದೇ. ಪಂತ್ ಮತ್ತೆ ಟೆಸ್ಟ್ ಆಡಿದ್ದು ನವೆಂಬರ್‌ನಲ್ಲಿ. ವೋಕ್ಸ್ ಸೆಪ್ಟೆಂಬರ್ ಕೊನೆಯಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ವಿದಾಯ ಹೇಳಿದರು. ಓವಲ್ ಟೆಸ್ಟ್ ನಂತರ ಅವರು ಇಂಗ್ಲೆಂಡ್ ಪರ ಇನ್ನೊಂದು ಪಂದ್ಯ ಆಡಲಿಲ್ಲ.