ದಂಡದ ಭಯವೂ ಮನಸ್ಸಿನ ಸಾಕ್ಷಿಯೂ

ಹೆದ್ದಾರಿಯಲ್ಲಿ ವಾಹನ ನಡೆಸಿದವರೆಲ್ಲರೂ ಈ ದೃಶ್ಯವನ್ನು ಕಂಡೇ ಇರುತ್ತಾರೆ. ಎದುರಿನಿಂದ ಬರುವ ಅಪರಿಚಿತನೊಬ್ಬನು ಹಾಡುಹಗಲಿನಲ್ಲಿಯೇ ಎರಡು ಸಲ ದೀಪ ಮಿನುಗಿಸಿ, ಕೈಯಿಂದ ಹಿಂದಕ್ಕೆ ಸನ್ನೆಮಾಡಿ ಮುಂದೆ ಸಾಗುತ್ತಾನೆ. ಅದರ ಅರ್ಥವನ್ನು ಯಾರೂ ಯಾರಿಗೂ ಕಲಿಸಿಕೊಟ್ಟಿಲ್ಲ. ಆದರೂ ಎಲ್ಲರಿಗೂ ತಿಳಿಯುತ್ತದೆ. ‘ಮುಂದೆ ಪೊಲೀಸರು ನಿಂತಿದ್ದಾರೆ, ಎಚ್ಚರ’ ಎಂಬುದೇ ಆ ಅರ್ಥ. ಸನ್ನೆ ಕಂಡ ಕೂಡಲೇ ಕಾರಿನವನು ವೇಗ ತಗ್ಗಿಸಿ ಪಟ್ಟಿ ಬಿಗಿದುಕೊಳ್ಳುತ್ತಾನೆ. ಮೋಟಾರ್ ಸೈಕಲ್ಲಿನವನು ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡಿದ್ದ ಹೆಲ್ಮೆಟ್ಟನ್ನು ತಲೆಗೇರಿಸುತ್ತಾನೆ. ಒಂದೇ ವಾಹನದ ಮೇಲೆ ಮೂವರು ಕುಳಿತಿದ್ದರೆ ಅವರಲ್ಲೊಬ್ಬನು ಇಳಿದು, ಏನೂ ಅರಿಯದ ಪಾದಚಾರಿಯಂತೆ ನಡೆಯತೊಡಗುತ್ತಾನೆ. ಪೊಲೀಸರನ್ನು ದಾಟಿ ಒಂದು ಫರ್ಲಾಂಗು ಹೋದ ಮೇಲೆ ಎಲ್ಲವೂ ಮೊದಲಿನಂತೆಯೇ ಆಗುತ್ತದೆ.

ಓದುಗರೇ, ಈ ಸನ್ನೆ ಉಪಕಾರವೋ ಅಪಕಾರವೋ? ಮೇಲ್ನೋಟಕ್ಕೆ ಇದು ಅಲ್ಪ ಪ್ರಶ್ನೆಯೆಂದು ತೋರಬಹುದು. ಹೆಸರು, ಊರು ತಿಳಿಯದವನೊಬ್ಬನು ಇನ್ನೊಬ್ಬನ ಹಣವನ್ನು ಉಳಿಸಲು ಮುಂದಾಗುವುದು ಒಳ್ಳೆಯತನವಲ್ಲವೇ ಎಂದು ನೀವು ಕೇಳಬಹುದು. ಆದರೆ ನಿಯಮವನ್ನು ನಾವು ಯಾರ ಸಲುವಾಗಿ ಪಾಲಿಸುತ್ತೇವೆ ಎಂಬ ದೊಡ್ಡ ಪ್ರಶ್ನೆಯೊಂದು ಈ ಪುಟ್ಟ ಸನ್ನೆಯೊಳಗೆ ಅಡಗಿದೆ.

ಮೊದಲು ವಾಹನ ಸವಾರರ ಮಾತನ್ನು ನ್ಯಾಯವಾಗಿ ಕೇಳೋಣ. ಅವರು ಹೇಳುವುದು ಹೀಗೆ: ‘ಪೊಲೀಸರು ಅಪಘಾತವಾಗುವ ತಿರುವಿನಲ್ಲಿ ನಿಲ್ಲುವುದಿಲ್ಲ, ಜನ ಸುಲಭವಾಗಿ ಸಿಕ್ಕಿಬೀಳುವ ಮರದ ಮರೆಯಲ್ಲಿ ನಿಲ್ಲುತ್ತಾರೆ. ರಸ್ತೆಯ ಗುಂಡಿಯನ್ನು ಮುಚ್ಚದವರು ನಮಗೆ ತಲೆಯನ್ನು ಮುಚ್ಚಿಕೊಳ್ಳಿರೆಂದು ಬೋಧಿಸುತ್ತಾರೆ. ದೊಡ್ಡವರ ಕಾರಿಗೆ ಸಲಾಮು, ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವನಿಗೆ ದಂಡ. ರಸೀದಿ ಕೇಳಿದರೆ ಒಂದು ಮೊತ್ತ, ಕೇಳದಿದ್ದರೆ ಇನ್ನೊಂದು.’ ಈ ದೂರುಗಳಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಎಲ್ಲವೂ ಸುಳ್ಳೆನ್ನಲಾಗದು. ಕಣ್ಣಿಗೆ ಕಾಣುವ ತಪ್ಪಿಲ್ಲದಿರುವಾಗ ಕೇವಲ ಕಾಗದಪತ್ರ ನೋಡುವುದಕ್ಕಾಗಿ ವಾಹನಗಳನ್ನು ತಡೆಯಕೂಡದೆಂದು 2022ರ ಜೂನ್ ತಿಂಗಳಿನಲ್ಲಿ ನಮ್ಮ ರಾಜ್ಯದ ಪೊಲೀಸ್ ಮುಖ್ಯಸ್ಥರೇ ತಮ್ಮವರಿಗೆ ತಿಳಿಸಬೇಕಾಯಿತು. ದೂರಿಗೆ ಆಧಾರವೇ ಇಲ್ಲದಿದ್ದರೆ ಅಂತಹ ಮಾತಿನ ಅವಶ್ಯಕತೆ ಬರುತ್ತಿರಲಿಲ್ಲ.

2025ರ ಮೇ ತಿಂಗಳಿನಲ್ಲಿ ಮಂಡ್ಯದಲ್ಲಿ ನಡೆದುದನ್ನು ನೆನೆದರೆ ಮನಸ್ಸು ಮರುಗುತ್ತದೆ. ನಾಯಿ ಕಚ್ಚಿದ ಮಗುವನ್ನು ತಂದೆತಾಯಿಗಳು ದ್ವಿಚಕ್ರ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಸಂಚಾರಿ ಪೊಲೀಸರು ತಪಾಸಣೆಗೆಂದು ತಡೆದ ಸಂದರ್ಭದಲ್ಲಿ ವಾಹನ ಉರುಳಿತು. ರಸ್ತೆಗೆ ಬಿದ್ದ ಆ ಹೆಣ್ಣುಮಗು ಹಿಂದಿನಿಂದ ಬಂದ ವಾಹನದ ಚಕ್ರಕ್ಕೆ ಸಿಕ್ಕಿ ಪ್ರಾಣಬಿಟ್ಟಿತು. ಮೂವರು ಸಹಾಯಕ ಸಬ್ ಇನ್ಸ್‌ಪೆಕ್ಟರುಗಳು ಅಮಾನತಾದರು. ಥಟ್ಟನೆ ಅಡ್ಡಬಂದು ವಾಹನ ನಿಲ್ಲಿಸಬಾರದು, ಕೀಲಿಕೈಯನ್ನು ಕಿತ್ತುಕೊಳ್ಳಬಾರದು ಎಂಬ ಸೂಚನೆಗಳು ಆಮೇಲೆ ಹೊರಟವು. ಜೀವ ಉಳಿಸಲೆಂದು ಹುಟ್ಟಿದ ನಿಯಮವು ಜೀವವನ್ನೇ ಬಲಿ ತೆಗೆದುಕೊಳ್ಳುವಂತಾದರೆ ನಿಯಮದ ಉದ್ದೇಶವನ್ನು ಅದರ ಪಾಲಕರೇ ಮರೆತರೆಂದು ಹೇಳದೆ ವಿಧಿಯಿಲ್ಲ. ತಡೆಯುವ ಅಧಿಕಾರವುಳ್ಳವನು ತಡೆಯುವ ಕ್ಷಣದಲ್ಲಿ ಎದುರಿನ ಜೀವಕ್ಕೆ ಹೊಣೆಗಾರನೂ ಆಗಿರುತ್ತಾನೆ.

ಇಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಕಾಯುವವನು ತಪ್ಪಿದನೆಂದ ಮಾತ್ರಕ್ಕೆ ನಾವು ಮಾಡುವ ತಪ್ಪು ಒಪ್ಪಾಗುವುದೇ? 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳ ಮೇಲೆ 1,68,491 ಮಂದಿ ಮಡಿದರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದೆ ಸತ್ತ ದ್ವಿಚಕ್ರ ವಾಹನ ಸವಾರರು ಹಾಗೂ ಹಿಂಬದಿ ಕುಳಿತವರು. ಹೆಲ್ಮೆಟ್ ಇದ್ದಿದ್ದರೆ ಎಲ್ಲರೂ ಬದುಕುತ್ತಿದ್ದರೆಂದು ಯಾರೂ ಹೇಳಲಾರರು. ಆದರೆ ಅನೇಕರು ಬದುಕುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಇವು ಬರಿಯ ಅಂಕಿಗಳಲ್ಲ. ಒಂದೊಂದು ಅಂಕಿಯ ಹಿಂದೆಯೂ ಸಂಜೆ ಬಾಗಿಲಲ್ಲಿ ನಿಂತು ದಾರಿ ನೋಡಿದ ಒಂದು ಮನೆಯಿದೆ.

ಈಗ ಆ ಸನ್ನೆಯ ಕಡೆಗೆ ಮತ್ತೊಮ್ಮೆ ನೋಡಿರಿ. ದೀಪ ಮಿನುಗಿಸಿದವನಿಗೆ ಎದುರು ಬರುವವನು ಯಾರೆಂದು ತಿಳಿಯದು. ಅವನು ಅವಸರದಲ್ಲಿ ಲೈಸೆನ್ಸ್ ಮರೆತುಬಂದ ಸಾಧು ಮನುಷ್ಯನಾಗಿರಬಹುದು. ಕಂಠಪೂರ್ತಿ ಕುಡಿದವನೂ ಆಗಿರಬಹುದು. ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದವನು ವಾಹನ ನಡೆಸುವುದು ನಮ್ಮ ಕಾನೂನಿನಲ್ಲಿ ಅಪರಾಧ. ಅಂತಹವನಿಗೂ ಈ ಸನ್ನೆ ಸಮನಾಗಿಯೇ ತಲುಪುತ್ತದೆ. ಅವನು ಪಕ್ಕದ ಹಳ್ಳಿಯ ದಾರಿಗೆ ಹೊರಳುತ್ತಾನೆ. ಆ ದಾರಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಮನೆಗೆ ಹೊರಟಿರುತ್ತಾರೆ. ಪರಿಚಯವಿಲ್ಲದವನಿಗೆ ನಾವು ಮಾಡಿದ ಉಪಕಾರದ ಬೆಲೆಯನ್ನು ಪರಿಚಯವಿಲ್ಲದ ಇನ್ನಾರೋ ತೆರಬೇಕಾಗಿ ಬಂದರೆ ಅದನ್ನು ಉಪಕಾರವೆನ್ನಬಹುದೇ?

ದಂಡವನ್ನು ಹೆಚ್ಚಿಸಿದರೆ ಎಲ್ಲವೂ ಸರಿಹೋಗುವುದೆಂದು ಕೆಲವರು ನಂಬುತ್ತಾರೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಹೆಲ್ಮೆಟ್ ಧರಿಸದಿದ್ದುದಕ್ಕೆ ಸಾವಿರ ರೂಪಾಯಿ ದಂಡ ಗೊತ್ತಾಯಿತು. ಜನರ ಅಸಮಾಧಾನವನ್ನು ಕಂಡು ನಮ್ಮ ರಾಜ್ಯವು ಅದೇ ತಿಂಗಳಿನಲ್ಲಿ ಅದನ್ನು ಐನೂರಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡದ ಮೇಲೆ ಅರ್ಧದಷ್ಟು ರಿಯಾಯಿತಿ ಘೋಷಿಸಿದಾಗ ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಹಣ ಸಂದಾಯವಾಯಿತು. ಜನ ಸಾಲುಗಟ್ಟಿ ನಿಂತು ಹಣ ಕಟ್ಟಿದರು. ಸಾಲ ತೀರಿತೆಂಬ ಸಮಾಧಾನ ಅವರಿಗಿತ್ತು. ತಪ್ಪು ಮಾಡಿದೆವೆಂಬ ಅಳುಕು ಎಷ್ಟು ಜನರಲ್ಲಿತ್ತು? ದಂಡವು ಹೀಗೆ ಸುಂಕವಾಗಿ ಪರಿಣಮಿಸಿದಾಗ, ಹಣವುಳ್ಳವನು ತಪ್ಪನ್ನು ಕೊಂಡುಕೊಳ್ಳುತ್ತಾನೆ. ಹಣವಿಲ್ಲದವನು ತಪ್ಪಿಸಿಕೊಳ್ಳುವ ದಾರಿಯನ್ನು ಹುಡುಕುತ್ತಾನೆ. ಈಗ ಅನೇಕ ಕಡೆ ಕ್ಯಾಮೆರಾಗಳು ಬಂದಿವೆ. ಅವು ಲಂಚ ಕೇಳುವುದಿಲ್ಲ, ಮುಖ ನೋಡುವುದಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಕ್ಯಾಮೆರಾದ ಕೆಳಗೆ ಮೆಲ್ಲಗೆ ಹೋಗಿ ಆಚೆಗೆ ಹಾರುವವನ ಮನಸ್ಸನ್ನು ಅದು ತಿದ್ದಲಾರದು.

ಇದಕ್ಕೆ ಇನ್ನೊಂದು ನಿದರ್ಶನ ಬೇಕೆ? ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕುವ, ಅರ್ಧ ತಲೆಯನ್ನಷ್ಟೇ ಮುಚ್ಚುವ ಟೊಪ್ಪಿಗೆಯಂತಹ ಹೆಲ್ಮೆಟ್ಟುಗಳನ್ನು ನೋಡಿರಿ. ಐಎಸ್ಐ ಗುರುತಿಲ್ಲದ ಹೆಲ್ಮೆಟ್ಟನ್ನು ಮಾರಕೂಡದೆಂದು 2021ರ ಜೂನ್‌ನಿಂದ ನಿಯಮವಿದ್ದರೂ ಕೊಳ್ಳುವವರಿದ್ದಾರೆ. ಅದು ಪೆಟ್ಟನ್ನು ತಡೆಯುವುದಿಲ್ಲ, ಪೊಲೀಸರನ್ನು ಮಾತ್ರ ತಡೆಯುತ್ತದೆ. ಅದನ್ನು ಕೊಂಡವನು ಐನೂರು ರೂಪಾಯಿಯ ದಂಡಕ್ಕೆ ಅಂಜಿದ್ದಾನೆ, ಮರಣಕ್ಕೆ ಅಂಜಿಲ್ಲ. ಭಯದಿಂದ ಹುಟ್ಟಿದ ಶಿಸ್ತು ಹೀಗೆ ತೋರಿಕೆಯಲ್ಲಿಯೇ ಮುಗಿದುಹೋಗುತ್ತದೆ.

ಆದುದರಿಂದ ಎರಡೂ ಕಡೆಯವರಿಗೆ ಕರ್ತವ್ಯವಿದೆ. ಕಾನೂನನ್ನು ಜಾರಿಗೊಳಿಸುವ ಅಧಿಕಾರವುಳ್ಳವನೇ ಅದನ್ನು ಮುರಿದರೆ ಅವನಿಗೆ ಎರಡರಷ್ಟು ದಂಡವೆಂದು 2019ರ ತಿದ್ದುಪಡಿ ಹೇಳುತ್ತದೆ. ಇದು ಬಹಳ ವಿವೇಕದ ಮಾತು. ತಲೆಗೆ ಹೆಲ್ಮೆಟ್ಟಿಲ್ಲದೆ ಬೈಕಿನಲ್ಲಿ ಬಂದಿಳಿದ ಪೇದೆಯು ಇತರರನ್ನು ತಡೆದು ನಿಲ್ಲಿಸಿದರೆ ಅವನ ಮಾತು ಯಾರ ಹೃದಯಕ್ಕೆ ನಾಟೀತು? ಬಹಿರಂಗವಾಗಿ ನಿಂತು, ಗೌರವದಿಂದ ಮಾತನಾಡಿ, ರಸೀದಿ ಕೊಟ್ಟು, ಬಡವ ಬಲ್ಲಿದರೆನ್ನದೆ ನಡೆದುಕೊಳ್ಳುವ ಪೊಲೀಸನನ್ನು ಕಂಡಾಗ ಎದುರಿನವನಿಗೆ ಸನ್ನೆ ಮಾಡಬೇಕೆಂಬ ಮನಸ್ಸೇ ಹುಟ್ಟುವುದಿಲ್ಲ. ಬಿಸಿಲು, ಮಳೆ, ಹೊಗೆಯಲ್ಲಿ ದಿನವಿಡೀ ನಿಂತು ಹಾಗೆ ದುಡಿಯುವವರೂ ನಮ್ಮ ನಡುವೆ ಇದ್ದಾರೆಂಬುದನ್ನು ಸವಾರರು ಮರೆಯಬಾರದು.

ಸವಾರನ ಕರ್ತವ್ಯವೇನು? ಅನ್ಯಾಯ ಕಂಡರೆ ರಸೀದಿ ಕೇಳಲಿ, ಮೇಲಿನವರಿಗೆ ದೂರು ಬರೆಯಲಿ. ಅದು ಪ್ರಜೆಯ ಹಕ್ಕು. ಆದರೆ ಯಾರೂ ಕಾಣದ ದಾರಿಯಲ್ಲಿಯೂ ಹೆಲ್ಮೆಟ್ ತಲೆಯ ಮೇಲಿರಲಿ. ಮುಂದೆ ಕುಳಿತ ಮಗು ತಂದೆಯ ಉಪದೇಶವನ್ನು ಕೇಳಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಅವನ ಕೈಯನ್ನು ನೋಡುತ್ತಿರುತ್ತದೆ. ಪೊಲೀಸರನ್ನು ಕಂಡು ಹೆಲ್ಮೆಟ್ ಹಾಕಿ, ದಾಟಿದ ಮೇಲೆ ತೆಗೆದಿಡುವ ತಂದೆಯು ಮಗುವಿಗೆ ಕಲಿಸುವ ಪಾಠ ಒಂದೇ: ಸಿಕ್ಕಿಬಿದ್ದರೆ ಮಾತ್ರ ತಪ್ಪು. ಆ ಪಾಠವು ರಸ್ತೆಯಲ್ಲಿಯೇ ನಿಲ್ಲುವುದಿಲ್ಲ. ಪರೀಕ್ಷೆಯ ಕೊಠಡಿಗೂ ಅಂಗಡಿಯ ತಕ್ಕಡಿಗೂ ಕಚೇರಿಯ ಮೇಜಿಗೂ ನಡೆದುಹೋಗುತ್ತದೆ.

ಸನ್ನೆ ಮಾಡುವ ಹಂಬಲವಿದ್ದರೆ ಮಾಡೋಣ. ತಿರುವಿನಾಚೆ ಲಾರಿ ಕೆಟ್ಟು ನಿಂತಿದೆ, ದನಗಳು ದಾರಿಗೆ ಅಡ್ಡ ಮಲಗಿವೆ, ಯಾರೋ ಬಿದ್ದು ನರಳುತ್ತಿದ್ದಾರೆ ಎಂಬುದನ್ನು ತಿಳಿಸಲು ದೀಪ ಮಿನುಗಲಿ. ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ತೊಂದರೆಯಾಗದಂತೆ ಇಂದು ಕಾನೂನೇ ರಕ್ಷಣೆ ಕೊಟ್ಟಿದೆ. ಎದುರಿನವನ ಐನೂರು ರೂಪಾಯಿಯನ್ನು ಉಳಿಸುವ ಸನ್ನೆಗಿಂತ ಅವನ ಪ್ರಾಣವನ್ನು ಉಳಿಸುವ ಸನ್ನೆ ದೊಡ್ಡದು. ನಾಳೆ ನೀವು ವಾಹನವನ್ನೇರುವಾಗ, ದಾರಿಯಲ್ಲಿ ಪೊಲೀಸರಿರುವರೇ ಎಂದು ಯೋಚಿಸದೆ, ಮನೆಯಲ್ಲಿ ಕಾಯುವವರಿದ್ದಾರೆಂಬುದನ್ನು ಒಮ್ಮೆ ನೆನೆದು ಹೊರಡಿರಿ.