ಕ್ರೈಸ್ತ ದಂಪತಿ ಮತ್ತು ದತ್ತು ಮಗು

ಭಾರತದಲ್ಲಿ ಕ್ರೈಸ್ತ ದಂಪತಿಯೊಬ್ಬರು ಎಳೆಗೂಸನ್ನು ದತ್ತು ಪಡೆಯಲು ಮನಸ್ಸು ಮಾಡಿದಾಗ ಎರಡು ಪ್ರಶ್ನೆಗಳು ಒಟ್ಟಿಗೇ ಎದುರಾಗುತ್ತವೆ. ತಾವು ಹೆರದ ಮಗು ತಮ್ಮ ಮಗುವೇ ಆಗುವುದು ಹೇಗೆ ಎಂಬುದು ಧರ್ಮದ ಪ್ರಶ್ನೆ. ಅದನ್ನು ತಮ್ಮ ಮಗುವೆಂದು ಮಾನ್ಯ ಮಾಡುವವರು ಯಾರು ಎಂಬುದು ಕಾನೂನಿನ ಪ್ರಶ್ನೆ. ಮೊದಲನೆಯದಕ್ಕೆ ಕ್ರೈಸ್ತಧರ್ಮ ತನ್ನ ಮೊದಲ ಶತಮಾನದಲ್ಲೇ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಈ ದೇಶದಲ್ಲಿ ಸ್ಪಷ್ಟ ಉತ್ತರ ಸಿಕ್ಕಿದ್ದು ಇಪ್ಪತ್ತೊಂದನೇ ಶತಮಾನದಲ್ಲಿ.

ಹೊಸ ಒಡಂಬಡಿಕೆಯಲ್ಲಿ ದತ್ತು ಎಂಬ ಅರ್ಥ ಕೊಡುವ ಗ್ರೀಕ್ ಪದ ‘ಹ್ಯುಯೊಥೆಸಿಯಾ’; ಮಗನ ಸ್ಥಾನದಲ್ಲಿ ಇರಿಸುವುದು ಎಂದು ಅದರ ಅರ್ಥ. ಅದು ಐದು ಬಾರಿ ಬರುತ್ತದೆ: ಪೌಲನ ಹೆಸರಿನಲ್ಲಿರುವ ಪತ್ರಗಳ ಪೈಕಿ ರೋಮಾಪುರದವರಿಗೆ ಬರೆದುದರಲ್ಲಿ ಮೂರು ಸಲ, ಗಲಾತ್ಯದವರಿಗೆ ಮತ್ತು ಎಫೆಸದವರಿಗೆ ಬರೆದವುಗಳಲ್ಲಿ ಒಂದೊಂದು ಸಲ. ಪೌಲನ ಓದುಗರಿಗೆ ರೋಮನ್ ದತ್ತು ಪದ್ಧತಿ ಚೆನ್ನಾಗಿ ಗೊತ್ತಿತ್ತು. ಅಲ್ಲಿ ದತ್ತು ಹೋದವನು ಹುಟ್ಟಿದ ಮನೆಯ ಅಧಿಕಾರದಿಂದ ಹೊರಬಂದು ಹೊಸ ತಂದೆಯ ಹೆಸರಿಗೂ ಆಸ್ತಿಗೂ ಪೂರ್ಣ ಹಕ್ಕುದಾರನಾಗುತ್ತಿದ್ದ. ಚಕ್ರವರ್ತಿ ಆಗಸ್ಟಸ್ ಕೂಡ ಜೂಲಿಯಸ್ ಸೀಸರನ ದತ್ತುಮಗ. ಆದರೆ ಆ ಪದ್ಧತಿ ಇದ್ದದ್ದು ಮನೆತನ ಮುಂದುವರಿಯಲೆಂದು. ಸಾಮಾನ್ಯವಾಗಿ ಪ್ರಾಯಕ್ಕೆ ಬಂದ ಗಂಡಸರನ್ನೇ ಆರಿಸುತ್ತಿದ್ದರು. ಕನ್ನಡನಾಡಿನ ನೆನಪಿನಲ್ಲೂ ದತ್ತು ಎಂದರೆ ವಾರಸುದಾರಿಕೆಯ ಮಾತು. 1824ರಲ್ಲಿ ಕಿತ್ತೂರಿನ ದತ್ತುಮಗ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪದೆ ಹೋದದ್ದೇ ರಾಣಿ ಚೆನ್ನಮ್ಮನ ಯುದ್ಧಕ್ಕೆ ಕಾರಣವಾಯಿತು.

ಪೌಲ ಈ ಪದವನ್ನು ಎತ್ತಿಕೊಂಡು ಅದರ ದಿಕ್ಕನ್ನೇ ಬದಲಿಸಿದ. ಅವನು ಹೇಳುವ ದೇವರಿಗೆ ಮಗನಿದ್ದಾನೆ, ವಾರಸುದಾರನ ಕೊರತೆಯಿಲ್ಲ. ಹಾಗಿದ್ದೂ ದೇವರು ಮನುಷ್ಯರನ್ನು ಮಕ್ಕಳಾಗಿ ತೆಗೆದುಕೊಳ್ಳುವುದು ಪ್ರೀತಿಯಿಂದ, ಅವರ ಹಿತಕ್ಕಾಗಿ. ಹೀಗೆ ಮಗನಾದವನು ದೇವರನ್ನು ಕರೆಯುವ ಪದ ಅರಮೇಯಿಕ್ ಭಾಷೆಯ ‘ಅಬ್ಬಾ’. ಕನ್ನಡದ ಕಿವಿಗೆ ಅದು ‘ಅಪ್ಪಾ’ ಎಂದೇ ಕೇಳಿಸುತ್ತದೆ. ಮನೆಯಾಳು ಯಜಮಾನನನ್ನು ಹಾಗೆ ಕೂಗುವುದಿಲ್ಲ, ಮಗು ಮಾತ್ರ ಕೂಗುತ್ತದೆ. ಪೌಲನ ವಾದದ ತಿರುಳು ಇದೇ: ದತ್ತುಮಗುವಿನ ಸ್ಥಾನ ಮಗುವಿನ ಸ್ಥಾನವೇ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದಲ್ಲ.

ಮತ್ತಾಯನ ಸುವಾರ್ತೆ ಇದೇ ಮಾತನ್ನು ಕಥೆಯಲ್ಲಿ ತೋರಿಸುತ್ತದೆ. ಅದು ಯೇಸುವನ್ನು ದಾವೀದನ ವಂಶಕ್ಕೆ ಸೇರಿಸುವುದು ಯೋಸೇಫನ ಮೂಲಕ. ಆದರೆ ಯೇಸು ಯೋಸೇಫನಿಗೆ ಹುಟ್ಟಿದವನಲ್ಲ ಎಂದು ಅದೇ ಅಧ್ಯಾಯ ಹೇಳುತ್ತದೆ. ಯೋಸೇಫ ಮಗುವಿಗೆ ಹೆಸರಿಟ್ಟ. ಆ ಹೆಸರಿಡುವಿಕೆಯಿಂದಲೇ ಮಗು ಅವನದಾಯಿತು, ವಂಶಾವಳಿ ಅವನ ಮೂಲಕ ಸಾಗಿತು.

ಇಷ್ಟಿದ್ದರೂ ಚರ್ಚಿನ ದಿನನಿತ್ಯದ ಮಾತಿನಲ್ಲಿ ದತ್ತಿಗೆ ಎರಡು ತೊಡಕುಗಳಿವೆ. ಮಕ್ಕಳಿಲ್ಲದ ದಂಪತಿಗೆ ಅಲ್ಲಿ ಕೇಳಸಿಗುವುದು ಹೆಚ್ಚಾಗಿ ಸಾರಳ, ಹನ್ನಳ, ಎಲಿಸಬೇತಳ ಕಥೆಗಳು. ಮೂರೂ ಕೊನೆಗೊಳ್ಳುವುದು ಹೆರಿಗೆಯಲ್ಲಿ. ಹಾಗಾಗಿ ವರ್ಷಗಟ್ಟಲೆ ಚಿಕಿತ್ಸೆ ಪಡೆದು ಸೋತವರಿಗೆ, ದತ್ತು ಎಂದರೆ ಪ್ರಾರ್ಥನೆ ಫಲಿಸದವರ ದಾರಿ ಎನಿಸಿಬಿಡಬಹುದು. ಅವರ ಕೊರಗಿಗೆ ಅದರದೇ ಸಾಂತ್ವನ ಬೇಕು. ಆ ಕೊರಗಿಗೆ ಮದ್ದಾಗುವ ಹೊರೆಯನ್ನು ಎಳೆಗೂಸಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಎರಡನೆಯ ತೊಡಕು, ದತ್ತನ್ನು ಪುಣ್ಯಕಾರ್ಯವೆಂದು ಹೊಗಳುವುದು. ಅನಾಥರನ್ನು ಪರಾಮರಿಸಬೇಕೆಂದು ಯಾಕೋಬನ ಪತ್ರ ಹೇಳುವುದು ನಿಜ. ಆದರೆ ದಾನ ಪಡೆದವರಿಗೆ ಋಣವಿರುತ್ತದೆ, ಮಗುವಿಗೆ ಇರುವುದು ಹಕ್ಕು. ‘ನಿನ್ನನ್ನು ತಂದು ಸಾಕಿದೆವು’ ಎಂಬ ಮಾತು ಸಿಟ್ಟಿನಲ್ಲಿ ಒಂದೇ ಸಲ ಬಾಯಿಂದ ಬಂದರೂ ಮಗು ತನ್ನದೇ ಮನೆಯಲ್ಲಿ ಸಾಲಗಾರನಾಗಿಬಿಡುತ್ತದೆ. ದಂಪತಿ ಅರ್ಜಿ ಹಾಕುವ ಮೊದಲೇ ಇದನ್ನು ತಮ್ಮೊಳಗೆ ಇತ್ಯರ್ಥ ಮಾಡಿಕೊಳ್ಳಬೇಕು.

ಕಾನೂನಿನ ಕಥೆ ಬೇರೆ. 1956ರ ಹಿಂದೂ ದತ್ತು ಮತ್ತು ಜೀವನಾಂಶ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುತ್ತದೆ. ಕ್ರೈಸ್ತರಿಗೆ ಉಳಿದಿದ್ದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ. ಅದರಡಿ ಅವರು ಪೋಷಕರಾಗಬಹುದಿತ್ತು, ತಂದೆತಾಯಿಯಾಗುವಂತಿರಲಿಲ್ಲ. ಮಗುವಿಗೆ ಪ್ರಾಯ ತುಂಬಿದಾಗ ಕಾನೂನಿನ ಕಣ್ಣಲ್ಲಿ ಆ ಸಂಬಂಧ ಮುಗಿಯುತ್ತಿತ್ತು. ಉಯಿಲು ಬರೆಯದಿದ್ದರೆ ಆಸ್ತಿಯೂ ತಾನಾಗಿ ಬರುತ್ತಿರಲಿಲ್ಲ. ದೇವರ ಮುಂದೆ ತಾವೆಲ್ಲರೂ ದತ್ತುಮಕ್ಕಳು ಎಂದು ನಂಬುವ ಸಮುದಾಯವೊಂದಕ್ಕೆ ಒಂದು ಮಗುವನ್ನು ದತ್ತು ಪಡೆಯಲು ಕಾಯ್ದೆಯೇ ಇರಲಿಲ್ಲ. 2000ದ ಬಾಲ ನ್ಯಾಯ ಕಾಯ್ದೆ ಎಲ್ಲ ಧರ್ಮದವರಿಗೂ ಬಾಗಿಲು ತೆರೆಯಿತು. 2006ರ ತಿದ್ದುಪಡಿ ದತ್ತುಮಗುವಿಗೆ ಔರಸ ಮಗುವಿನ ಎಲ್ಲ ಹಕ್ಕುಗಳನ್ನು ಕೊಟ್ಟಿತು. ಯಾವ ಧರ್ಮದವರೂ ಈ ಕಾಯ್ದೆಯಡಿ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ, ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಈಗ ಜಾರಿಯಲ್ಲಿರುವುದು 2015ರ ಕಾಯ್ದೆ ಮತ್ತು 2022ರ ದತ್ತು ನಿಯಮಗಳು.

ಮೊದಲ ಹೆಜ್ಜೆ, ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ‘ಕಾರಾ’ದ ಜಾಲತಾಣದಲ್ಲಿ ನೋಂದಣಿ. ಗಂಡಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು, ಮದುವೆಯಾಗಿ ಕನಿಷ್ಠ 2 ವರ್ಷ ಸ್ಥಿರ ಸಂಸಾರ ನಡೆಸಿರಬೇಕು. 2 ವರ್ಷದೊಳಗಿನ ಮಗು ಬೇಕಿದ್ದರೆ ಇಬ್ಬರ ವಯಸ್ಸು ಕೂಡಿಸಿ 85 ಮೀರಬಾರದು. ಮಗುವಿಗೂ ದತ್ತು ಪಡೆಯುವ ತಂದೆತಾಯಿಗೂ ಕನಿಷ್ಠ 25 ವರ್ಷ ಅಂತರವಿರಬೇಕು. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಅವರು ಆದಾಯ, ಆರೋಗ್ಯ ವಿಚಾರಿಸುತ್ತಾರೆ. ಮಗುವನ್ನು ಹಗಲು ನೋಡಿಕೊಳ್ಳುವವರು ಯಾರು, ಅಜ್ಜ ಅಜ್ಜಿ ಒಪ್ಪಿದ್ದಾರೆಯೇ, ಮಗುವಿಗೆ ವಿಷಯ ಯಾವಾಗ ತಿಳಿಸುತ್ತೀರಿ ಎಂದೂ ಕೇಳುತ್ತಾರೆ.

ನಂತರದ್ದು ಕಾಯುವ ಕಾಲ. ಹೆಸರು ನೋಂದಾಯಿಸಿದ ದಂಪತಿಗಳಿಗಿಂತ ದತ್ತಿಗೆ ಕಾನೂನುಬದ್ಧವಾಗಿ ಮುಕ್ತವಾದ ಮಕ್ಕಳ ಸಂಖ್ಯೆ ಬಹಳ ಕಡಿಮೆಯಿರುವುದರಿಂದ ಈ ಕಾಲ ವರ್ಷಗಟ್ಟಲೆ ಹಿಡಿಯುತ್ತದೆ. ನಿಧಾನಕ್ಕೆ ಇನ್ನೊಂದು ಕಾರಣವೂ ಇದೆ, ಅದು ಗೌರವಕ್ಕೆ ಅರ್ಹವಾದದ್ದು. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು 60 ದಿನಗಳ ಅವಕಾಶವಿದೆ. ಮೋಶೆಯ ಕಥೆಯಲ್ಲಿ ಫರೋಹನ ಮಗಳು ಮಾತ್ರ ಇಲ್ಲ, ಬುಟ್ಟಿಗೆ ರಾಳ ಬಳಿದು ಮಗುವನ್ನು ನೀರಂಚಿನ ಆಪುಹುಲ್ಲಿನಲ್ಲಿ ಇಟ್ಟ ತಾಯಿಯೂ ಇದ್ದಾಳೆ. ಕಾಯುವ ದಂಪತಿಯ ಪ್ರಾರ್ಥನೆಯಲ್ಲಿ ತಾವು ಎಂದೂ ಕಾಣದ, ಮಗುವನ್ನು ಹೆತ್ತ ಹೆಂಗಸಿಗೂ ಜಾಗವಿರಬೇಕು. ಅವರ ಸಂತೋಷ ಶುರುವಾಗುವುದು ಅವಳ ನಷ್ಟದಿಂದ.

ಸರದಿ ಬಂದಾಗ ಮಗುವಿನ ಫೋಟೊ, ವೈದ್ಯಕೀಯ ವರದಿ ಮತ್ತು ಅಧ್ಯಯನ ವರದಿ ಪರದೆಯ ಮೇಲೆ ಬರುತ್ತವೆ. ಮಗುವನ್ನು ಕಾಯ್ದಿರಿಸಲು ಇರುವುದು 48 ಗಂಟೆ. ಮಗುವಿನ ಜಾತಿ, ಧರ್ಮ ಆರಿಸಿಕೊಳ್ಳುವ ಅವಕಾಶ ಇಲ್ಲ. ಒಪ್ಪಿ ಸಹಿ ಹಾಕಿದ ಮೇಲೆ ಮಗು ಪೂರ್ವ ದತ್ತು ಪೋಷಣೆಗೆ ಮನೆಗೆ ಬರುತ್ತದೆ. 2022ರ ಸೆಪ್ಟೆಂಬರ್‌ನಿಂದ ಅಂತಿಮ ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ವರ್ಗವಾಗಿದೆ. ಆದೇಶದ ನಂತರ 2 ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಬಂದು ಮಗುವಿನ ಯೋಗಕ್ಷೇಮ ನೋಡುತ್ತಾರೆ.

ಆದೇಶ ಕೈಗೆ ಬಂದ ಮೇಲೆ ದೀಕ್ಷಾಸ್ನಾನ. ಕಥೋಲಿಕ ಧರ್ಮಸಭೆಯ ನ್ಯಾಯಸಂಹಿತೆ, ನಾಗರಿಕ ಕಾನೂನಿನಂತೆ ದತ್ತು ಪಡೆದ ಮಕ್ಕಳನ್ನು ಪಡೆದವರ ಮಕ್ಕಳೆಂದೇ ಪರಿಗಣಿಸುತ್ತದೆ; ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ದತ್ತು ಪಡೆದವರ ಹೆಸರು ಬರೆಯಲು ಹೇಳುತ್ತದೆ. ಅದೇ ಸಂಹಿತೆ ಒಡಹುಟ್ಟಿದವರಿಗೆ ಇರುವಂತೆ ದತ್ತಿನಿಂದ ಅಣ್ಣತಂಗಿಯರಾದವರಿಗೂ ಪರಸ್ಪರ ಮದುವೆಯನ್ನು ನಿಷೇಧಿಸುತ್ತದೆ. ದತ್ತಿನಿಂದ ಬಂದ ನಂಟು ನಿಜವಾದ ನಂಟು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಉಳಿಯುವುದು ಮಗುವಿಗೆ ನಿಜ ಹೇಳುವ ಕೆಲಸ. ದತ್ತು ಬಂದ ವ್ಯಕ್ತಿಗೆ 18 ತುಂಬಿದ ಮೇಲೆ ತನ್ನ ಮೂಲವನ್ನು ಹುಡುಕಲು ತಾನೇ ಅರ್ಜಿ ಹಾಕುವ ಅವಕಾಶ ನಿಯಮಗಳಲ್ಲಿದೆ. ಹೆತ್ತವರು ಗುರುತನ್ನು ಗೋಪ್ಯವಾಗಿಡಲು ಬಯಸಿದ್ದರೆ ಅದಕ್ಕೂ ರಕ್ಷಣೆಯಿದೆ. ಬೈಬಲ್ ಮೋಶೆಯ ಹುಟ್ಟನ್ನಾಗಲಿ, ಮೊರ್ದೆಕೈ ಸಾಕಿದ ಎಸ್ತೇರಳ ಅನಾಥತನವನ್ನಾಗಲಿ ಮುಚ್ಚಿಡುವುದಿಲ್ಲ. ಮಾತು ಬರುವ ಮೊದಲೇ ಜೋಗುಳದ ಜೊತೆ ಕೇಳಿಸಿಕೊಂಡ ಸತ್ಯ ಮಗುವಿಗೆ ಮನೆಯ ಕಥೆಯಾಗುತ್ತದೆ. ಹದಿನೈದನೇ ವಯಸ್ಸಿನಲ್ಲಿ ನೆಂಟರ ಬಾಯಿಂದ ಕೇಳಿದ ಅದೇ ಸತ್ಯ ದ್ರೋಹವಾಗುತ್ತದೆ.