ಹಾಡಿಗೆ ಯಾರು ಹೊಣೆ?

ನುಡಿದಂತೆ ನಡೆಯಬೇಕೆಂಬುದು ಕನ್ನಡಿಗರಿಗೆ ಹೊಸದಾಗಿ ಹೇಳಿಕೊಡಬೇಕಾದ ಪಾಠವಲ್ಲ. ವಚನಕಾರರ ಕಾಲದಿಂದಲೂ ಅದು ನಮ್ಮ ಕಿವಿಯ ಮೇಲೆ ಬೀಳುತ್ತಲೇ ಇದೆ. ಉಪನ್ಯಾಸಕಾರನಲ್ಲಿಯೋ ರಾಜಕಾರಣಿಯಲ್ಲಿಯೋ ಮಾತಿಗೂ ಬಾಳಿಗೂ ಅಂತರ ಕಂಡರೆ ನಾವು ಕೂಡಲೇ ಗುರುತಿಸುತ್ತೇವೆ. ಆದರೆ ಹಾಡುಗಾರನ ವಿಷಯ ಬಂದಾಗ ನಮ್ಮ ತಕ್ಕಡಿ ತೂಗಾಡುತ್ತದೆ. ಹಾಡಿದ್ದನ್ನೆಲ್ಲ ಆತ ಬಾಳಲೇಬೇಕೆ? ಬಾಳದಿದ್ದರೆ ಹಾಡು ಸುಳ್ಳಾಯಿತೆ? ಇನ್ನೊಂದು ಹೆಜ್ಜೆ ಮುಂದೆ ಹೋಗಿ ವಿಚಾರಿಸುವುದಾದರೆ, ಅದನ್ನು ಕೇಳಿ ತಲೆದೂಗಿದವನ ಹೊಣೆ ಏನು?

ಈ ಪ್ರಶ್ನೆಯನ್ನು ಎತ್ತಲು ಕಾರಣ, ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಎರಡು ಕಡೆಯಿಂದಲೂ ಹತ್ತಿರವಾದ ಕೆಲವು ಸಾಕ್ಷ್ಯಚಿತ್ರಗಳು. ಅವುಗಳನ್ನು ಮಾಡಿದ ಶಬ್ನಮ್ ವಿರ್ಮಾನಿ ಅಹಮದಾಬಾದಿನ ‘ದೃಷ್ಟಿ’ ಎಂಬ ಮಾಧ್ಯಮ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು. ೨೦೦೨ರ ಗಲಭೆಗಳು ಎಬ್ಬಿಸಿದ ಪ್ರಶ್ನೆಗಳು ಅವರನ್ನು ಕಬೀರನ ಕಡೆಗೆ ಒಯ್ದವು. ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ಆಶ್ರಯದಲ್ಲಿದ್ದುಕೊಂಡು ಹಲವು ವರ್ಷ ಊರೂರು ತಿರುಗಿ, ಗಡಿಯಾಚೆಯ ಕರಾಚಿಗೂ ಹೋಗಿ, ಅವರು ನಾಲ್ಕು ಚಿತ್ರಗಳನ್ನು ಸಿದ್ಧಪಡಿಸಿದರು: ‘ಹದ್ ಅನ್‌ಹದ್’, ‘ಚಲೋ ಹಮಾರಾ ದೇಸ್’, ‘ಕೋಯಿ ಸುನ್ತಾ ಹೈ’ ಮತ್ತು ‘ಕಬೀರಾ ಖಡಾ ಬಜಾರ್ ಮೇಂ’.

ಇವುಗಳಲ್ಲಿ ‘ಕೋಯಿ ಸುನ್ತಾ ಹೈ’ ನಮಗೆ ಮನೆಯ ಮಾತು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಶಿವಪುತ್ರ ಕೋಂಕಾಳಿಮಠ, ಅಂದರೆ ಕುಮಾರ ಗಂಧರ್ವರು, ಕ್ಷಯರೋಗದ ಕಾರಣದಿಂದ ೧೯೪೮ರಲ್ಲಿ ಮಾಳವದ ದೇವಾಸಕ್ಕೆ ಹೋಗಿ ನೆಲೆಸಿದರು. ಹಾಡಲಾಗದ ಆ ವರ್ಷಗಳಲ್ಲಿ ಹಾಸಿಗೆಯ ಮೇಲಿದ್ದುಕೊಂಡೇ ಸುತ್ತಲಿನ ಜನಪದ ಹಾಡುಗಳಿಗೆ ಕಿವಿಗೊಟ್ಟರು. ಮುಂದೆ ಅವರು ಹಾಡಿದ ಕಬೀರನ ನಿರ್ಗುಣ ಪದಗಳಲ್ಲಿ ಆ ಕಿವಿಗೊಟ್ಟ ಕಾಲದ ಫಲವಿದೆ. ಕೇಳಿದ್ದು ಅವರ ಕಂಠವನ್ನೇ ಬದಲಿಸಿತು. ಕೇಳುವುದೂ ಒಂದು ಕೆಲಸವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಸಂಗೀತ ಕಛೇರಿಯನ್ನು ಚಿತ್ರವಾಗಿಸುವ ರೂಢಿ ಹೊರದೇಶಗಳಲ್ಲಿ ಹಳೆಯದು. ಅಮೆರಿಕದ ನಿರ್ದೇಶಕ ಜೊನಾಥನ್ ಡೆಮಿ ೨೦೦೬ರಲ್ಲಿ ತೆರೆಗೆ ತಂದ ‘ಹಾರ್ಟ್ ಆಫ್ ಗೋಲ್ಡ್’ ಅಂಥದೊಂದು ಒಳ್ಳೆಯ ಚಿತ್ರ. ಜನಪದ ಧಾಟಿಯನ್ನು ರಾಕ್ ಸಂಗೀತದೊಡನೆ ಬೆಸೆದ ಹಿರಿಯ ಗಾಯಕ ನೀಲ್ ಯಂಗ್, ಮೆದುಳಿನ ರಕ್ತನಾಳದ ಚಿಕಿತ್ಸೆ ಮುಗಿದ ಕೆಲವೇ ತಿಂಗಳಲ್ಲಿ, ೨೦೦೫ರ ಆಗಸ್ಟಿನಲ್ಲಿ, ನ್ಯಾಶ್‌ವಿಲ್ಲಿನ ರೈಮನ್ ಸಭಾಂಗಣದಲ್ಲಿ ಹಾಡಿದ್ದನ್ನು ಅದು ತೋರಿಸುತ್ತದೆ. ಆಗ ಅವರಿಗೆ ೫೯ ವರ್ಷ. ಹರೆಯದಲ್ಲಿ ತಮ್ಮ ತೋಟ ನೋಡಿಕೊಳ್ಳುತ್ತಿದ್ದ ಮುದುಕನನ್ನು ನೆನೆದು ಕಟ್ಟಿದ ಹಾಡನ್ನು, ತಾವೇ ಮುಪ್ಪಿನ ಹೊಸ್ತಿಲಲ್ಲಿ ನಿಂತು ಹಾಡುತ್ತಾರೆ. ಕ್ಯಾಮೆರಾ ಸಭಿಕರ ಕಡೆಗೆ ತಿರುಗುವುದೇ ಅಪರೂಪ. ಅಲ್ಲಿ ಅದು ಕೊರತೆಯೆನಿಸುವುದಿಲ್ಲ. ಒಬ್ಬ ಮನುಷ್ಯ ತನ್ನ ಬಾಳಿನ ಲೆಕ್ಕವನ್ನು ತಾನೇ ಒಪ್ಪಿಸುತ್ತಿದ್ದಾನೆ. ನಾವು ಮೌನವಾಗಿ ಕೇಳಿದರೆ ಸಾಕು.

ಕಬೀರನ ಪದ ಹಾಗಲ್ಲ. ಅದು ತನ್ನ ಅಂಕಿತದಲ್ಲಿಯೇ ಕೇಳುವವನನ್ನು ಕೂಗಿ ಕರೆಯುತ್ತದೆ. ನಿನ್ನ ಜಾತಿಯ ಹೆಮ್ಮೆ ಏನಾಯಿತು, ನಿನ್ನ ಪೂಜೆಯಲ್ಲಿ ತಿರುಳೇನಿದೆ ಎಂದು ಬೆರಳು ತೋರಿಸುತ್ತದೆ. ಆದ್ದರಿಂದ ಇಂಥ ಪದಗಳನ್ನು ಹಾಡುವವನ ಪಾಡು ಬೇರೆ.

ವಿರ್ಮಾನಿಯವರ ಚಿತ್ರಗಳಲ್ಲಿ ಮತ್ತೆಮತ್ತೆ ಕಾಣಿಸುವ ಪ್ರಹ್ಲಾದ್ ಸಿಂಗ್ ಟಿಪಾಣಿಯಾ ಉಜ್ಜಯಿನಿ ಜಿಲ್ಲೆಯ ಲೂಣಿಯಾಖೇಡಿಯವರು; ದಲಿತ ಕುಟುಂಬದಲ್ಲಿ ಹುಟ್ಟಿ ಶಾಲಾ ಶಿಕ್ಷಕರಾಗಿ ದುಡಿದವರು. ತಂಬೂರಿ ಹಿಡಿದು ಮಾಳವದ ಧಾಟಿಯಲ್ಲಿ ಕಬೀರನನ್ನು ಹಾಡಿ ಹೆಸರಾದರು. ೨೦೧೧ರಲ್ಲಿ ಪದ್ಮಶ್ರೀ ಪಡೆದರು. ಹೊರಗಿನ ಆಚಾರವನ್ನು ಜರೆಯುವ ಪದಗಳನ್ನು ರಾತ್ರಿಯಿಡೀ ಹಾಡುತ್ತಿದ್ದ ಇವರು ಒಂದು ಹಂತದಲ್ಲಿ ಕಬೀರಪಂಥದ ಒಂದು ಶಾಖೆಯಲ್ಲಿ ಮಹಂತರಾದರು. ಆ ಶಾಖೆಯ ‘ಚೌಕಾ ಆರತಿ’ ಎಂಬ ವಿಧಿಯನ್ನು ನಡೆಸಿಕೊಡುವವರೂ ಆದರು. ಗೆಳೆಯರು ಆಕ್ಷೇಪಿಸಿದರು. ಈ ಜಗ್ಗಾಟವನ್ನು ‘ಕಬೀರಾ ಖಡಾ ಬಜಾರ್ ಮೇಂ’ ಮುಚ್ಚಿಡದೆ ತೋರಿಸುತ್ತದೆ. ಮುಂದೆ ಅವರು ಆ ಪದವಿಯಿಂದ ಹೊರಬಂದರು.

ಇದನ್ನು ನೋಡಿದವರು ಎರಡು ರೀತಿಯಲ್ಲಿ ಮಾತನಾಡುವುದುಂಟು. ಹಾಡುಗಾರನ ಬಾಳು ಹಾಡುಗಾರನದು, ನಮಗೆ ಹಾಡು ಸಾಕು ಎಂಬುದು ಒಂದು ಪಕ್ಷ. ಇದರಲ್ಲಿ ಔದಾರ್ಯವಿರುವಂತೆ ಕಂಡರೂ ಒಂದು ಜಾಣತನವೂ ಅಡಗಿದೆ. ಹಾಡಿದವನನ್ನು ಹಾಡಿನಿಂದ ಬಿಡಿಸಿದೊಡನೆ ಕೇಳಿದವನೂ ಸುಲಭವಾಗಿ ಬಿಡುಗಡೆ ಹೊಂದುತ್ತಾನೆ. ಮಹಂತನಾದ ಮೇಲೆ ಕಬೀರನನ್ನು ಹಾಡುವ ಅಧಿಕಾರವೇ ಇಲ್ಲವೆಂಬುದು ಇನ್ನೊಂದು ಪಕ್ಷ. ಇದು ನೇರವಾಗಿ ಕಾಣುತ್ತದೆ. ಆದರೆ ತೀರ್ಪು ಕೊಡುವವನು ಕುರ್ಚಿಯಲ್ಲಿ ಕುಳಿತಿದ್ದಾನೆ, ಕಟಕಟೆಯಲ್ಲಿ ನಿಂತವನು ಹಾಡುಗಾರನೊಬ್ಬನೇ. ಪದ ಕರೆದದ್ದು ಇಬ್ಬರನ್ನೂ ಅಲ್ಲವೆ? ಎಡವುತ್ತ ಹೋಗುವವನಾದರೂ ದಾರಿಯ ಮೇಲಿದ್ದಾನೆ. ಕುಳಿತು ನೋಡುವವನು ಎಡವುವ ಸಂಭವವೇ ಇಲ್ಲ.

ಈ ಚಿತ್ರಗಳು ನಮಗೆ ಮೆಚ್ಚಿಗೆಯಾಗುವುದು ಇಲ್ಲಿಯೇ. ಅವು ಗಾಯಕನನ್ನು ಸಂತನನ್ನಾಗಿಯೂ ಮಾಡುವುದಿಲ್ಲ, ಆಷಾಢಭೂತಿಯೆಂದೂ ಹಳಿಯುವುದಿಲ್ಲ. ಕ್ಯಾಮೆರಾ ಹಿಡಿದು ಹೊರಟ ವಿರ್ಮಾನಿಯವರೇ ಕೊನೆಗೆ ತಂಬೂರಿ ಕಲಿತು ಹಾಡತೊಡಗಿದರು. ನೋಡುತ್ತಲೇ ಇರುವುದು ಅವರಿಗೆ ಸಾಕೆನಿಸಲಿಲ್ಲ ಎಂದು ನಾವು ತಿಳಿಯಬಹುದು.

ಇನ್ನು ನಾವು ಬಾಳುತ್ತಿರುವ ಊರುಗಳ ಕಡೆಗೆ ಬರೋಣ. ಕಬೀರನ ನೆರಳು ಇಲ್ಲಿ ದೂರವಿಲ್ಲ. ವಡೋದರಾದಿಂದ ಸೂರತ್ತಿಗೆ ಹೋಗುವ ದಾರಿಯಲ್ಲಿ ಭರೂಚ್ ಬಳಿ, ನರ್ಮದೆಯ ನಡುಗಡ್ಡೆಯಲ್ಲಿ ಕಬೀರವಡ ಎಂಬ ಹಿರಿಯ ಆಲವಿದೆ. ಕಬೀರ ಬಿಸುಟ ಹಲ್ಲುಕಡ್ಡಿಯೇ ಮರವಾಯಿತೆಂದು ಜನ ಹೇಳುತ್ತಾರೆ. ಜ್ಞಾನದ ಹೆಸರಿನ ಡಂಭವನ್ನು ಲೇವಡಿ ಮಾಡಿದ ಕವಿ ಅಖೋ ಅಹಮದಾಬಾದಿನ ಅಕ್ಕಸಾಲಿಗ. ಸೂರತ್ ನಗರವನ್ನು ಹೊಗಳಿ ಕಾವ್ಯ ಬರೆದ ವಲಿ ಎಂಬ ಕವಿ ಅಹಮದಾಬಾದಿನ ಮಣ್ಣಿನಲ್ಲಿಯೇ ಮಲಗಿದ. ಮೈಸೂರಿನ ಅರಮನೆ ಬಿರುದು ಕೊಟ್ಟು ಗೌರವಿಸಿದ ಉಸ್ತಾದ್ ಫೈಯಾಜ್ ಖಾನರು ವಡೋದರಾದ ಆಸ್ಥಾನ ವಿದ್ವಾಂಸರಾಗಿದ್ದು ೧೯೫೦ರಲ್ಲಿ ಆ ಊರಿನಲ್ಲೇ ತೀರಿಕೊಂಡರು.

೨೦೦೨ರಲ್ಲಿ ವಲಿಯ ಗೋರಿಯನ್ನು ಕೆಡವಿ, ಆ ಜಾಗದ ಮೇಲೆ ಡಾಂಬರು ಹಾಸಲಾಯಿತು. ಫೈಯಾಜ್ ಖಾನರ ಗೋರಿಗೂ ಹಾನಿಯಾಯಿತು. ಆ ಊರುಗಳಲ್ಲಿ ಸಂಗೀತ ಕೇಳುವವರು ಇರಲಿಲ್ಲವೆಂದಲ್ಲ. ಗಝಲಿಗೂ ಭಜನೆಗೂ ಖಯಾಲಿಗೂ ಅಲ್ಲಿ ಒಳ್ಳೆಯ ಶ್ರೋತೃಗಳು ಬಹಳ ಹಿಂದಿನಿಂದ ಇದ್ದಾರೆ. ಆದರೂ ಕೇಳಿದ್ದು ಕಿವಿಯಿಂದ ಕೆಳಗಿಳಿಯದಿದ್ದರೆ, ಕೆಟ್ಟ ದಿನ ಬಂದಾಗ ಹಾಡು ಯಾರನ್ನೂ ಕಾಯುವುದಿಲ್ಲ, ಹಾಡಿದವನ ಗೋರಿಯನ್ನೂ ಕಾಯುವುದಿಲ್ಲ.

ಕನ್ನಡಿಗರಾದ ನಮ್ಮ ಬಳಿಯೂ ಇಂಥ ಹಾಡುಗಳಿವೆ. ಶಿಶುನಾಳದ ಶರೀಫರು (೧೮೧೯–೧೮೮೯) ಮುಸಲ್ಮಾನರ ಮನೆಯಲ್ಲಿ ಹುಟ್ಟಿದವರು. ಕಳಸದ ಗೋವಿಂದಭಟ್ಟರು ಅವರನ್ನು ಶಿಷ್ಯನೆಂದು ಅಪ್ಪಿಕೊಂಡು ಜನಿವಾರ ಹಾಕಿದ ಕಥೆಯನ್ನು ಕೇಳದ ಕನ್ನಡಿಗ ವಿರಳ. ಅವರ ಪದಗಳು ಸಿ. ಅಶ್ವಥ್ ಅವರ ಕಂಠದಿಂದ ಮನೆಮನೆಗೆ ಬಂದವು. ಆಮೇಲೆ ರಘು ದೀಕ್ಷಿತರ ಗಿಟಾರಿನೊಡನೆ ಹೊಸ ಹರೆಯದವರನ್ನು ಮುಟ್ಟಿದವು. ಹೊರನಾಡಿನ ರಾಜ್ಯೋತ್ಸವಗಳಲ್ಲಿ ಶರೀಫರ ಪದಕ್ಕೆ ಬೀಳುವ ಚಪ್ಪಾಳೆಗೆ ಕೊರತೆಯಿಲ್ಲ.

ಆದರೆ ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಮನೆ ಹುಡುಕಿದವರಿಗೆಲ್ಲ ಗೊತ್ತು: ಬಾಡಿಗೆಯ ಮೊತ್ತಕ್ಕಿಂತ ಮುಂಚೆ ಅಡ್ಡಹೆಸರು ಯಾವುದು, ಊಟವೇನು ಎಂಬ ಪ್ರಶ್ನೆ ಬರುವುದುಂಟು. ೧೯೯೧ರ ‘ಅಶಾಂತ ಪ್ರದೇಶ’ ಕಾಯ್ದೆಯ ಪ್ರಕಾರ ಈ ನಗರಗಳ ಹಲವು ಭಾಗಗಳಲ್ಲಿ ಮನೆ ಮಾರಲು ಜಿಲ್ಲಾಧಿಕಾರಿಯ ಒಪ್ಪಿಗೆ ಬೇಕು. ಗಲಭೆಗೆ ಹೆದರಿ ಜನ ಅಗ್ಗಕ್ಕೆ ಮನೆ ಮಾರಿ ಓಡಬಾರದೆಂಬುದು ಅದರ ಉದ್ದೇಶವಾಗಿತ್ತು. ಆದರೂ ಓಣಿಗಳು ಬೇರೆಬೇರೆಯಾಗುತ್ತಲೇ ಹೋದವು. ಉತ್ತರ ಅನುಕೂಲವಾದವನಿಗೆ ಕೀಲಿಕೈ ಸಿಗುತ್ತದೆ. ಇಲ್ಲದವನು ಮುಂದಿನ ಬಾಗಿಲಿಗೆ ಹೋಗುತ್ತಾನೆ.

ಹೊಸದಾಗಿ ಬಂದ ಕನ್ನಡಿಗನಿಗೆ ಮನೆ ಹುಡುಕಲು ನೆರವಾಗುವುದು ಹೊರನಾಡ ಸಂಘಗಳ ಹಳೆಯ ಕೆಲಸ. ಬಂದವನು ಹುಬ್ಬಳ್ಳಿಯ ಮುಸಲ್ಮಾನನೋ ಕಲಬುರಗಿಯ ದಲಿತನೋ ಆಗಿದ್ದರೆ ಆತನ ಹುಡುಕಾಟ ಹೆಚ್ಚು ದಿನ ನಡೆಯುತ್ತದೆ, ಹೆಚ್ಚು ಬಾಗಿಲು ಮುಚ್ಚುತ್ತವೆ. ಅಂಥವನ ಜೊತೆಯಲ್ಲಿ ನಾಲ್ಕು ಮನೆ ಮೆಟ್ಟಿಲು ಹತ್ತುವುದು, ಮಾಲೀಕನ ಮುಂದೆ ನಿಂತು ಈತ ನಮ್ಮವನು ಎಂದು ಹೇಳುವುದು, ಶರೀಫರ ಪದಕ್ಕೆ ಚಪ್ಪಾಳೆ ತಟ್ಟಿದ ನಮ್ಮ ಪಾಲಿಗೆ ಬಂದ ಕೆಲಸ. ಹಾಡಿದವನ ನಡೆಯನ್ನು ತೂಗುವ ಪ್ರಶ್ನೆಯನ್ನು ಆ ಕೆಲಸ ಮುಗಿದ ಮೇಲೆ ಎತ್ತಿಕೊಳ್ಳಬಹುದು.